‘ಪೂರಕವಾಗಿದೆ’ ಅಂತ ಒಂದೇ ಪದದಲ್ಲಿ ಮುಗಿಸ್ಬೇಡಿ

ಮಾನ್ಯ ಸಂಪಾದಕರೇ,

ನಮಸ್ಕಾರ. ನಿಮ್ಮ ಪತ್ರಿಕೆಯ ಶನಿವಾರದ ಸಿನಿಮಾ ಪುಟವನ್ನ ನಾನು ಸುಮಾರು ವರ್ಷದಿಂದ ಬಿಡದೆ ಓದ್ತಾ ಬಂದವಳು. ಬೆಳಿಗ್ಗೆ ಕಟಪಾಡಿಯಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗ್ತೇನೆ, ಸೀಟ್ ಸಿಕ್ಕಿದ ದಿನ ಪಡುಬಿದ್ರಿ ದಾಟುವಷ್ಟರಲ್ಲಿ ಆ ಪುಟ ಪೂರ್ತಿ ಓದಿ ಮುಗೀತದೆ. ವಿಮರ್ಶೆಗಳು ಚೆನ್ನಾಗಿಯೇ ಇರ್ತವೆ, ಕಥೆಗೆ ಎರಡು ಪ್ಯಾರಾ, ಹೀರೋಗೆ ಒಂದು, ಫೈಟಿಗೆ ನಾಲ್ಕು ಸಾಲು, ಕ್ಯಾಮರಾದವರಿಗೆ ಒಂದು ಸಾಲು, ಮತ್ತೆ ಕೊನೆಯಲ್ಲಿ ಒಂದು ಮಾತು ಬಂದೇ ಬರ್ತದೆ, ‘ಹಿನ್ನೆಲೆ ಸಂಗೀತ ಕಥೆಗೆ ಪೂರಕವಾಗಿದೆ’. ಕಳೆದ ವಾರ ಒಂದು ಪ್ರೇಮಕಥೆಯ ವಿಮರ್ಶೆಯಲ್ಲೂ ಅದೇ ಮಾತು ಬಂತು. ನಾನು ಆ ಸಿನಿಮಾ ಹಿಂದಿನ ರಾತ್ರಿಯೇ ನೋಡಿ ಬಂದಿದ್ದೆ, ಅದರಲ್ಲಿ ಹುಡುಗ ಹುಡುಗಿ ಮಾತೇ ಆಡದೆ ಕೂತಿರುವ ಒಂದು ಸೀನ್ ಉಂಟು, ಆ ಹೊತ್ತಿಗೆ ಬಂದ ಪಿಟೀಲಿನ ಸ್ವರ ಮನೆಗೆ ಬಂದು ಮಲಗಿದ ಮೇಲೂ ನನ್ನ ಕಿವಿಯಿಂದ ಹೋಗಿರಲಿಲ್ಲ. ಅದಕ್ಕೆ ಸಿಕ್ಕಿದ್ದು ‘ಪೂರಕವಾಗಿದೆ’ ಅಂತ ಒಂದು ಪದ. ಬಸ್ಸಲ್ಲೇ ತುಂಬ ಬೇಜಾರಾಯ್ತು, ಅದಕ್ಕೇ ಈ ಕಾಗದ.

ನಾನು ಹಾಡುಗಳ ಬಗ್ಗೆ ಹೇಳ್ತಾ ಇಲ್ಲ. ಹಾಡಿಗೆ ನಮ್ಮಲ್ಲಿ ಮರ್ಯಾದೆ ಉಂಟು, ಬರೆದವರು ಯಾರು ಹಾಡಿದವರು ಯಾರು ಅಂತ ಆಟೋದವರಿಗೂ ಗೊತ್ತಿರ್ತದೆ. ನಾನು ಹೇಳುದು ಮಾತಿಲ್ಲದ ಸಂಗೀತದ ಬಗ್ಗೆ, ಸಿನಿಮಾದವರು ಆರ್‌ಆರ್ ಅಂತಾರಲ್ಲ, ರೀರೆಕಾರ್ಡಿಂಗ್, ಎಡಿಟಿಂಗ್ ಎಲ್ಲ ಮುಗಿದ ಮೇಲೆ ಸೀನ್ ನೋಡ್ತಾ ನೋಡ್ತಾ ಬರೆದು ನುಡಿಸಿ ಸೇರಿಸುವಂಥದ್ದು. ಅದರಲ್ಲೂ ಇಬ್ಬರ ನಡುವಿನ ಪ್ರೀತಿಯ ಸೀನಿಗೆ ಪಿಟೀಲು, ಚೆಲ್ಲೋ (ಕೂತು ಕಾಲ ನಡುವೆ ಇಟ್ಟು ನುಡಿಸುವ ದೊಡ್ಡ ಪಿಟೀಲಿನಂಥದ್ದು), ಕೊಳಲು, ಪಿಯಾನೋ ಇಟ್ಟುಕೊಂಡು ಆರ್ಕೆಸ್ಟ್ರಾದಲ್ಲಿ ಮಾಡುವ ಮೆಲು ಸಂಗೀತ. ಫೈಟಿಗೆ ಬಾರಿಸುದಕ್ಕಿಂತ ಇದು ಎಷ್ಟೋ ಕಷ್ಟ ಅಂತ ನನ್ನ ಅಭಿಪ್ರಾಯ, ಯಾಕೆ ಅಂತ ಹೇಳ್ತೇನೆ.

ನನ್ನ ಅಪ್ಪ ಯಕ್ಷಗಾನದಲ್ಲಿ ಮದ್ದಳೆಗಾರರಾಗಿದ್ರು. ಮಳೆಗಾಲದ ಮೊದಲು ಬರುವ ಪತ್ತನಾಜೆ ದಿನಕ್ಕೆ ಮೇಳದ ತಿರುಗಾಟ ಮುಗಿಸಿ ಮನೆಗೆ ಬಂದರೆ ಮಳೆಗಾಲ ಇಡೀ ಚಾವಡಿಯಲ್ಲಿ ಕೂತು ನಮಗೆ ಆಟದ ಕಥೆ ಹೇಳ್ತಿದ್ರು. ಒಮ್ಮೆ ನಾನು ಸಣ್ಣವಳಿರುವಾಗ ಕೇಳಿದ್ದೆ, ಅಪ್ಪ, ರಾಕ್ಷಸ ಬರುವಾಗ ಚೆಂಡೆ ಅಷ್ಟು ಜೋರು ಹೊಡೀತಾರೆ, ಹೆಣ್ಣು ವೇಷ ಬಂದು ಗಂಡನ ಹತ್ತಿರ ಮಾತಾಡುವ ಪದಕ್ಕೆ ಯಾಕೆ ಚೆಂಡೆಯವರು ಸುಮ್ಮನೆ ಇರ್ತಾರೆ ಅಂತ. ಅಪ್ಪ ಹೇಳಿದ್ದು ನಂಗೆ ಈಗಲೂ ನೆನಪುಂಟು, ‘ಮಗಾ, ಗುಟ್ಟು ಮಾತಾಡುವಲ್ಲಿ ಮೂರನೆಯವರು ಕೂಗ್ಲಿಕ್ಕೆ ಉಂಟಾ?’ ಶೃಂಗಾರದ ಪದ ಬಂದ ಕೂಡ್ಲೇ ಚೆಂಡೆಯವರು ಕೋಲು ಕೈಯಲ್ಲೇ ಹಿಡ್ಕೊಂಡು ನಿಲ್ತಾರೆ, ಭಾಗವತರು ಸ್ವರ ತಗ್ಗಿಸ್ತಾರೆ, ಮದ್ದಳೆ ಮಾತ್ರ ಅವರ ಜೊತೆ ಹೋಗ್ತದೆ. ಬಯಲಲ್ಲಿ ಚಾಪೆ ಹಾಸಿ ಕೂತಿದ್ದ ಅಷ್ಟು ಜನ ಆಗಲೇ ಸ್ವಲ್ಪ ಮುಂದೆ ಬಾಗ್ತಿದ್ದದ್ದು, ಆ ಮುಂದೆ ಬಾಗುದನ್ನ ನಾನು ಕಣ್ಣಾರೆ ನೋಡಿದ್ದೇನೆ. ಅಂದ್ರೆ ಈ ವಿದ್ಯೆ ನಮ್ಮ ಕರಾವಳಿಯವರಿಗೆ ಹೊರಗಿಂದ ಕಲಿಯುವಂಥದ್ದೇನೂ ಅಲ್ಲ, ನಮ್ಮ ಕಿವಿಗೆ ಇದು ಮೊದಲೇ ಗೊತ್ತುಂಟು. ಹೊಸ ಸಿನಿಮಾದಲ್ಲಿ ಅದೇ ಕೆಲಸ ಪಿಟೀಲು ಚೆಲ್ಲೋ ಮಾಡುವಾಗ ಮಾತ್ರ ನಾವು ಗುರುತು ಹಿಡಿಯುದಿಲ್ಲ, ಅಷ್ಟೇ.

ನಂಗೂ ಇದು ಸರಿಯಾಗಿ ಅರ್ಥ ಆದ್ದು ಈಚೆಗೆ. ನನ್ನ ಆಫೀಸಿನ ಗೆಳತಿಯ ಮನೆ ಬಿಜೈಯಲ್ಲಿ, ಅವಳ ಮಗಳು ಇಗರ್ಜಿಯ ಕಾಯರ್‌ನಲ್ಲಿ ವಯಲಿನ್ ನುಡಿಸ್ತಾಳೆ. ಹೋದ ಮಳೆಗಾಲ ಒಂದು ಆದಿತ್ಯವಾರ ಊಟಕ್ಕೆ ಕರೆದಿದ್ರು, ಊಟ ಆಗಿ ಹೊರಗೆ ಜೋರು ಮಳೆ, ಹೊರಡ್ಲಿಕ್ಕೆ ಆಗುದಿಲ್ಲ ಅಂತ ಕೂತಿರುವಾಗ ಆ ಹುಡುಗಿ ವಯಲಿನ್ ತಂದಳು. ‘ಆಂಟಿ, ಕಣ್ಣು ಮುಚ್ಚಿ ಕೇಳಿ, ಎರಡು ಸಲ ನುಡಿಸ್ತೇನೆ, ಯಾವುದು ಇಷ್ಟ ಆಯ್ತು ಹೇಳಿ’ ಅಂದಳು. ಒಂದೇ ರಾಗ, ನಾಲ್ಕೈದು ಸ್ವರ ಅಷ್ಟೇ. ಮೊದಲನೇ ಸಲ ಚೆನ್ನಾಗಿತ್ತು, ಹೊಳೆಯುವ ಸ್ವರ. ಎರಡನೇ ಸಲ ನುಡಿಸಿದ್ದು ಎಲ್ಲೋ ಪಕ್ಕದ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ಹಾಡಿಕೊಂಡ ಹಾಗೆ, ಕಂಬಳಿ ಹೊದ್ದ ಹಾಗೆ, ನಂಗೆ ಕಣ್ಣಲ್ಲಿ ನೀರೇ ಬಂತು. ಕಣ್ಣು ಬಿಟ್ಟು ನೋಡಿದ್ರೆ ಎಂತ, ವಯಲಿನ್‌ನ ಕುದುರೆ ಉಂಟಲ್ಲ, ತಂತಿಗಳು ಕೂತ್ಕೊಳ್ಳುವ ಆ ಮರದ ತುಂಡು, ಅದರ ಮೇಲೆ ಹುಣಸೆ ಬೀಜದಷ್ಟು ದೊಡ್ಡ ಒಂದು ಕಪ್ಪು ರಬ್ಬರ್ ಸಿಕ್ಕಿಸಿದ್ದಾಳೆ. ಅದಕ್ಕೆ ಮ್ಯೂಟ್ ಅಂತಾರಂತೆ. ಕುದುರೆಯ ಮೇಲೆ ಅಷ್ಟು ಭಾರ ಕೂತ್ರೆ ಅದರ ಅದುರಾಟ ಕಮ್ಮಿ ಆಗಿ, ಸ್ವರದೊಳಗಿನ ಚುಚ್ಚುವ ಮೇಲಿನ ನಾದ ಎಲ್ಲ ಅಡಗಿ ಮೆತ್ತಗಿನ ಭಾಗ ಮಾತ್ರ ಹೊರಗೆ ಬರ್ತದಂತೆ. ಸದ್ದು ಸಣ್ಣದಾಗುದು ಮಾತ್ರ ಅಲ್ಲ, ಸದ್ದಿನ ಬಣ್ಣವೇ ಬದಲಾಗ್ತದೆ. ಪ್ರೀತಿಯ ಸೀನುಗಳಲ್ಲಿ ಇಡೀ ಪಿಟೀಲಿನ ಸಾಲಿಗೆ ಈ ಮ್ಯೂಟ್ ಹಾಕಿಸ್ತಾರೆ ಅಂತ ಅವಳು ಹೇಳಿದ ಮೇಲೆ ನಾನು ಎಷ್ಟೋ ಸಿನಿಮಾ ಪುನಃ ನೋಡಿದೆ, ಇಯರ್‌ಫೋನ್ ಹಾಕ್ಕೊಂಡು ಕೇಳಿದೆ, ಹೌದು, ಆ ಕಂಬಳಿಯ ಸ್ವರ ಸಿಗ್ತದೆ.

ಅವಳೇ ಇನ್ನೊಂದು ಹೇಳಿಕೊಟ್ಟಳು. ದೊಡ್ಡ ಸಿಂಫನಿ ಆರ್ಕೆಸ್ಟ್ರಾದಲ್ಲಿ ಮೊದಲ ಪಿಟೀಲಿನ ಸಾಲಲ್ಲೇ 16 ಜನ ಇರ್ತಾರೆ, ಎರಡನೇ ಸಾಲು, ವಯೋಲಾ, ಚೆಲ್ಲೋ, ಡಬಲ್ ಬೇಸ್ ಎಲ್ಲ ಸೇರಿ ಬರೀ ತಂತಿವಾದ್ಯದವರೇ 60 ಜನ ಆಗ್ತಾರೆ. ಹದಿನಾರು ಜನ ಒಂದೇ ಸ್ವರ ನುಡಿಸಿದ್ರೂ ಒಬ್ಬೊಬ್ಬರದ್ದು ಕೂದಲೆಳೆಯಷ್ಟು ಮೇಲೆ ಕೆಳಗೆ, ಹಿಂದೆ ಮುಂದೆ ಇರ್ತದೆ, ಅದೆಲ್ಲ ಕಲೆತು ಯಾರದ್ದೂ ಅಲ್ಲದ ಒಂದು ನುಣುಪು ಸ್ವರ ಬರ್ತದೆ, ಸಮುದ್ರ ದೂರದಿಂದ ಕೇಳಿದ ಹಾಗೆ. ಅದೇ ಒಬ್ಬನೇ ನುಡಿಸಿದ್ರೆ ಕಮಾನು ತಂತಿಗೆ ತಾಗುವ ಸಣ್ಣ ಉಜ್ಜು, ಕಮಾನು ತಿರುಗಿಸುವಲ್ಲಿ ಒಂದು ಉಸಿರು, ಎಲ್ಲ ಕೇಳ್ತದೆ, ಒಬ್ಬ ಮನುಷ್ಯ ಪಕ್ಕದಲ್ಲಿ ಕೂತ ಹಾಗೆ. ಒಳ್ಳೆ ಸಂಗೀತ ನಿರ್ದೇಶಕರು ಪ್ರೀತಿಯ ಸೀನಲ್ಲಿ ಇವೆರಡನ್ನೂ ಆಡಿಸ್ತಾರೆ, ಒಬ್ಬನಿಂದ ಶುರು ಮಾಡಿ, ಅವಳು ಅವನನ್ನ ನೋಡಿದ ಕ್ಷಣಕ್ಕೆ ಉಳಿದವರು ಹಿಂದಿನಿಂದ ಮೆಲ್ಲ ಬಂದು ಸೇರ್ತಾರೆ. ಯಾವ ಕ್ಷಣಕ್ಕೆ ಬಂದು ಸೇರಬೇಕು ಅಂತ ತೀರ್ಮಾನ ಮಾಡುದುಂಟಲ್ಲ, ಇಡೀ ಕೆಲಸ ಅಲ್ಲೇ ಇರುದು.

ಕನ್ನಡದ್ದೇ ಉದಾಹರಣೆ ಬೇಕಾ? 1983ರ ‘ಪಲ್ಲವಿ ಅನುಪಲ್ಲವಿ’. ಮಣಿರತ್ನಂ ಮೊದಲು ನಿರ್ದೇಶನ ಮಾಡಿದ್ದೇ ಈ ಕನ್ನಡ ಸಿನಿಮಾ, ಕ್ಯಾಮರಾ ಬಾಲು ಮಹೇಂದ್ರ, ಸಂಗೀತ ಇಳಯರಾಜ. ಹಾಡು ಎಲ್ಲರಿಗೂ ಗೊತ್ತು, ಆದ್ರೆ ಅದರ ಮಾತಿಲ್ಲದ ಥೀಮ್ ಮ್ಯೂಸಿಕ್ ಉಂಟಲ್ಲ, ಇಪ್ಪತ್ತು ವರ್ಷ ಕಳೆದ ಮೇಲೆ ಐಡಿಯಾ ಮೊಬೈಲ್‌ನವರ ಜಾಹೀರಾತಿನಲ್ಲಿ ಬಂದು ಇಡೀ ದೇಶದ ಫೋನುಗಳಲ್ಲಿ ರಿಂಗ್ ಆಯ್ತು. ಅದು ಕನ್ನಡ ಸಿನಿಮಾದ ಹಿನ್ನೆಲೆ ಸಂಗೀತ ಅಂತ ಎಷ್ಟು ಜನರಿಗೆ ಗೊತ್ತಿತ್ತು? ಆ ಸಿನಿಮಾದ ಹೆಸರೇ ಕೇಳದ ಹುಡುಗರು ಕೂಡ ಆ ಟ್ಯೂನ್ ಗುನುಗ್ತಾರೆ. ಸಂಗೀತ ‘ಪೂರಕ’ ಮಾತ್ರ ಆಗಿದ್ರೆ ಸಿನಿಮಾ ಬಿಟ್ಟು ಹಾಗೆ ಒಂಟಿಯಾಗಿ ಬದುಕ್ತಿತ್ತಾ ಹೇಳಿ. ಮತ್ತೆ ಇಳಯರಾಜ ಸ್ವಂತ ಸಂಗೀತ ನಿರ್ದೇಶಕ ಆಗುವ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿ ಕೆಲಸ ಮಾಡಿದವರು, ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ಕ್ಕೆ ಸಂಗೀತ ಕೊಟ್ಟರಲ್ಲ ಆ ವೆಂಕಟೇಶ್. ಅದೇ ಇಳಯರಾಜ 2025ರ ಮಾರ್ಚ್ 8ಕ್ಕೆ ಲಂಡನ್‌ನಲ್ಲಿ ತಾವು ಬರೆದ ಸಿಂಫನಿಯನ್ನ ಅಲ್ಲಿಯ ಆರ್ಕೆಸ್ಟ್ರಾದಿಂದ ನುಡಿಸಿದಾಗ ಪೇಪರಲ್ಲಿ ಎಲ್ಲ ಬಂತು, ಸಂತೋಷ ಆಯ್ತು, ಆದ್ರೆ ಅವರು ವರ್ಷಗಟ್ಟಲೆ ಪ್ರತಿ ಸಿನಿಮಾದ ಒಳಗೆ ಅಡಗಿಸಿಟ್ಟ ಸಣ್ಣ ಸಣ್ಣ ಸಿಂಫನಿಗಳ ಬಗ್ಗೆ ಯಾರೂ ಬರೀಲಿಲ್ಲ.

ರಾಜನ್–ನಾಗೇಂದ್ರ ಅವರ ಹೆಸರು ಹೇಳದಿದ್ರೆ ನಂಗೆ ಸಮಾಧಾನ ಇಲ್ಲ. ‘ಎರಡು ಕನಸು’, ‘ಬಯಲು ದಾರಿ’ಯ ಹಾಡುಗಳಲ್ಲಿ ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲು ಪಿಟೀಲುಗಳು ಬರ್ತವಲ್ಲ, ಆ ಅರ್ಧ ನಿಮಿಷಕ್ಕೆ ನಮ್ಮ ಅಮ್ಮ ದೋಸೆ ಹುಯ್ಯುದನ್ನ ನಿಲ್ಲಿಸಿ ರೇಡಿಯೋ ಕಡೆ ನೋಡ್ತಿದ್ರು. ಹಾಡಿನ ಮಾತಿಗೆ ಅಲ್ಲ, ಆ ಮಧ್ಯದ ತುಂಡಿಗೆ.

ಹೊರಗಿನವರದ್ದೂ ಒಂದೆರಡು ಹೇಳ್ಬೇಕು, ಯಾಕಂದ್ರೆ ಈಗ ಎಲ್ಲರ ಮೊಬೈಲಲ್ಲೂ ಸಿಗ್ತವೆ. 2000ದ ‘ಇನ್ ದ ಮೂಡ್ ಫಾರ್ ಲವ್’ ಅಂತ ಹಾಂಕಾಂಗ್ ಸಿನಿಮಾ, ವಾಂಗ್ ಕಾರ್ ವಾಯ್ ಅವರದ್ದು. ಒಂದೇ ಬಿಲ್ಡಿಂಗಲ್ಲಿ ಅಕ್ಕಪಕ್ಕದ ಬಾಡಿಗೆ ಕೋಣೆಯ ಒಬ್ಬ ಗಂಡಸು ಒಬ್ಬ ಹೆಂಗಸು, ಇವನ ಹೆಂಡತಿಗೂ ಅವಳ ಗಂಡನಿಗೂ ಸಂಬಂಧ ಉಂಟು ಅಂತ ಇಬ್ಬರಿಗೂ ಗೊತ್ತಾಗ್ತದೆ. ಅವಳು ರಾತ್ರಿ ನೂಡಲ್ಸ್ ತರ್ಲಿಕ್ಕೆ ಡಬ್ಬಿ ಹಿಡ್ಕೊಂಡು ಮೆಟ್ಟಿಲು ಇಳೀತಾಳೆ, ಅವನು ಹತ್ತುತ್ತಾನೆ, ಇಬ್ಬರೂ ಪಕ್ಕದಲ್ಲಿ ಹಾದು ಹೋಗ್ತಾರೆ, ಅಷ್ಟೇ ಸೀನು. ಅಡಿಯಲ್ಲಿ ಕಮಾನು ಇಲ್ಲದೆ ಬೆರಳಲ್ಲೇ ಮೀಟುವ ತಂತಿಗಳು ಒಂದು ಎರಡು ಮೂರು, ಒಂದು ಎರಡು ಮೂರು ಅಂತ ಹೆಜ್ಜೆ ಹಾಕ್ತವೆ, ಮೇಲೆ ಒಂದು ಪಿಟೀಲು. ಅದೇ ಟ್ಯೂನ್ ಮತ್ತೆ ಮತ್ತೆ ಬರ್ತದೆ, ಒಂದು ಚೂರೂ ಬದಲಾಗದೆ, ಬದಲಾಗುದು ನಾವು, ಯಾಕಂದ್ರೆ ಪ್ರತಿ ಸಲ ಅವರ ಬಗ್ಗೆ ನಮಗೆ ಇನ್ನೂ ಸ್ವಲ್ಪ ಹೆಚ್ಚು ಗೊತ್ತಾಗಿರ್ತದೆ. ಆಶ್ಚರ್ಯ ಅಂದ್ರೆ ಆ ಟ್ಯೂನ್ ಈ ಸಿನಿಮಾಕ್ಕೆ ಬರೆದದ್ದೇ ಅಲ್ಲ, ಶಿಗೇರು ಉಮೆಬಯಾಶಿ ಅನ್ನುವ ಜಪಾನಿನವರು 1991ರ ಬೇರೆ ಒಂದು ಸಿನಿಮಾಕ್ಕೆ ಮಾಡಿದ್ದು. ಆ ಮೆಟ್ಟಿಲಿಗೇ ಹುಟ್ಟಿದ ಹಾಗೆ ಕೂತಿದೆ.

ಮೆಲು ಅಂದ್ರೆ ಯಾವಾಗಲೂ ನಾಲ್ಕೇ ವಾದ್ಯ ಅಂತಲ್ಲ. 1985ರ ‘ಔಟ್ ಆಫ್ ಆಫ್ರಿಕಾ’ದಲ್ಲಿ ಅವನು ಅವಳನ್ನ ಸಣ್ಣ ವಿಮಾನದಲ್ಲಿ ಕರ್ಕೊಂಡು ಹೋಗ್ತಾನೆ, ಕೆಳಗೆ ಇಡೀ ಆಫ್ರಿಕಾ, ಜಾನ್ ಬ್ಯಾರಿಯ ಪಿಟೀಲುಗಳ ದೊಡ್ಡ ಅಲೆ, ಮಾತು ಒಂದೂ ಇಲ್ಲ. ಆಮೇಲೆ ಮುಂದಿನ ಸೀಟಲ್ಲಿ ಕೂತ ಅವಳು ತಿರುಗಿ ನೋಡದೆ ಕೈ ಮಾತ್ರ ಹಿಂದೆ ಚಾಚ್ತಾಳೆ, ಅವನು ಆ ಕೈ ಹಿಡೀತಾನೆ. ಅಷ್ಟು ದೊಡ್ಡ ಸಂಗೀತ ಇದ್ದದ್ದು ಆ ಎರಡು ಕೈಗೆ ಅಂತ ಆಗ ಗೊತ್ತಾಗ್ತದೆ. ಜೇಮ್ಸ್ ಬಾಂಡ್ ಸಿನಿಮಾಗಳಿಗೆ ತುತ್ತೂರಿ ಊದಿಸಿದ್ದೂ ಇದೇ ಮನುಷ್ಯ, ಆದ್ರೆ ಈ ಸಿನಿಮಾದ ಸಂಗೀತಕ್ಕೆ ಆಸ್ಕರ್ ಬಂತು. ಇನ್ನೊಬ್ಬರು ನಿಕೋಲಸ್ ಬ್ರಿಟೆಲ್, 2018ರ ‘ಇಫ್ ಬೀಲ್ ಸ್ಟ್ರೀಟ್ ಕುಡ್ ಟಾಕ್’ಗೆ ಮೊದಲು ತುತ್ತೂರಿ ಹಾರ್ನ್‌ಗಳನ್ನ ಇಟ್ಟುಕೊಂಡೇ ಬರೆದಿದ್ರು, ಸೀನಿಗೆ ಜೋಡಿಸಿ ನೋಡಿದ್ರೆ ಏನೋ ಕಮ್ಮಿ ಅನ್ನಿಸಿ ಚೆಲ್ಲೋಗಳನ್ನ ತಂದ್ರು, ಆಗ ಪ್ರೀತಿ ಬಂತು. ಚೆಲ್ಲೋದ ಸ್ವರ ಗಂಡಸಿನ ದನಿಯ ಎತ್ತರದಲ್ಲೇ ಇರುದು, ಅದಕ್ಕೇ ಇರ್ಬೇಕು ಅದು ಕೇಳಿದ್ರೆ ಯಾರೋ ಹತ್ತಿರ ಕೂತು ಮಾತಾಡಿದ ಹಾಗೆ ಆಗುದು.

ಇಟಲಿಯ ಸಿನಿಮಾ ಸಂಗೀತ ನಿರ್ದೇಶಕ ಎನ್ನಿಯೋ ಮೊರಿಕೋನೆ ಬಗ್ಗೆ ಓದಿದ್ದು ನಂಗೆ ಎಲ್ಲಕ್ಕಿಂತ ಇಷ್ಟ. ಅವರು ಬರೆದ ಟ್ಯೂನ್‌ಗಳನ್ನ ಮೊದಲು ಹೆಂಡತಿ ಮರಿಯಾಗೆ ಕೇಳಿಸ್ತಿದ್ರಂತೆ, ಆಕೆ ಸಂಗೀತ ಕಲಿತವರಲ್ಲ, ಆಕೆಗೆ ಒಪ್ಪಿಗೆ ಆದ್ದು ಮಾತ್ರ ಡೈರೆಕ್ಟರಿಗೆ ಹೋಗುದು. 2007ರಲ್ಲಿ ಗೌರವ ಆಸ್ಕರ್ ಕೊಟ್ಟಾಗ ವೇದಿಕೆಯಲ್ಲೇ ಅದನ್ನ ಮರಿಯಾಗೆ ಅರ್ಪಣೆ ಮಾಡಿದ್ರು. ಅವರೇ ಸಂಗೀತ ಕೊಟ್ಟ ‘ಸಿನೆಮಾ ಪ್ಯಾರಡಿಸೋ’ ಸಿನಿಮಾದ ಆ ಪ್ರೇಮದ ಥೀಮ್ ಮಾತ್ರ ಅವರದ್ದಲ್ಲ, ಅವರ ಮಗ ಆಂದ್ರೆಯಾ ಬರೆದದ್ದು. ಒಂದು ಮನೆಯೊಳಗೆ ಹುಟ್ಟಿದ ಸಂಗೀತ.

ಈಗಿನ ಕನ್ನಡ ಸಿನಿಮಾದಲ್ಲಿ ಇದು ಇಲ್ಲ ಅಂತ ನಾನು ಹೇಳುದಿಲ್ಲ. 2023ರಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಬಂತಲ್ಲ, ಚರಣ್ ರಾಜ್ ಸಂಗೀತ, ಮಗಳ ಜೊತೆ ಮಣಿಪಾಲದಲ್ಲಿ ನೋಡಿದ್ದು. ಮನು ಜೈಲಲ್ಲಿ, ಪ್ರಿಯಾ ನೋಡ್ಲಿಕ್ಕೆ ಬರ್ತಾಳೆ, ನಮ್ಮ ಸಾಲಲ್ಲಿ ಕೂತ ಕಾಲೇಜು ಹುಡುಗರು, ಆವರೆಗೆ ಪಾಪ್‌ಕಾರ್ನ್ ತಿಂತಾ ಮಾತಾಡ್ತಿದ್ದವರು, ಎಲ್ಲ ಸುಮ್ಮನಾದ್ರು. ಸಂಗೀತ ಅವರಿಬ್ಬರ ಮಾತಿಗೆ ಅಡ್ಡ ಬರಲಿಲ್ಲ, ಮಾತು ನಿಂತ ಮೇಲೆ ಅಲ್ಲಿಂದ ಎತ್ತಿಕೊಂಡಿತು. ಅಪ್ಪ ಇದ್ದಿದ್ರೆ ಆ ಸೀನಿಗೆ ತಲೆ ಆಡಿಸ್ತಿದ್ರು. ಹಾಗಂತ ನಂಗೆ ಜೋರು ಸಂಗೀತ ಆಗುದಿಲ್ಲ ಅಂತೇನಿಲ್ಲ, ‘ಕಾಂತಾರ’ದ ಕೊನೆಗೆ ಅಜನೀಶ್ ಲೋಕನಾಥ್ ಮಾಡಿದ್ದಕ್ಕೆ ನಂಗೂ ಮೈ ಜುಮ್ ಅಂದಿತ್ತು, ಅಲ್ಲಿ ಅದು ಬೇಕು. ನನ್ನ ಬೇಜಾರು ಏನು ಅಂದ್ರೆ ಈಗ ‘ಬಿಜಿಎಂ ಸೂಪರ್’, ಅಂದ್ರೆ ಹಿನ್ನೆಲೆ ಸಂಗೀತ ಸೂಪರ್ ಅಂತ ಹೊಗಳುದೇ ಹೀರೋ ನಡ್ಕೊಂಡು ಬರುವ ಸೀನಿಗೆ ಮಾತ್ರ, ಜನ ಹೊಗಳಿದ್ದನ್ನೇ ನಿರ್ಮಾಪಕರು ಕೇಳ್ತಾರೆ, ಕಡೆಗೆ ಹುಡುಗಿ ಕೈ ಹಿಡಿಯುವ ಸೀನಿಗೂ ಸೀಟು ಅದುರುವ ಬೇಸ್ ಬಂದು ಕೂರ್ತದೆ. ಪಿಟೀಲಿನ ಜಾಗದಲ್ಲಿ ಕೀಬೋರ್ಡ್‌ನಿಂದ ತೆಗೆದ ಪಿಟೀಲಿನ ಸದ್ದು. ಖರ್ಚು ಉಳಿತದೆ, ಒಪ್ಪಿದೆ, ಆದ್ರೆ ಆ ಕಮಾನು ತಿರುಗುವಲ್ಲಿಯ ಉಸಿರು ಬರುದಿಲ್ಲ.

ಇನ್ನೊಂದು ನೋವು ಉಂಟು, ಅದನ್ನೂ ಹೇಳ್ತೇನೆ. ಮೊನ್ನೆ ಮಂಗಳೂರಿನ ಒಂದು ಥಿಯೇಟರಲ್ಲಿ ಸಿನಿಮಾ ಮುಗಿದು ಹೆಸರುಗಳು ಬರ್ಲಿಕ್ಕೆ ಶುರುವಾಯ್ತು, ನಂಗೆ ಆ ಚೆಲ್ಲೋ ನುಡಿಸಿದ್ದು ಯಾರು ಅಂತ ನೋಡ್ಬೇಕಿತ್ತು, ಅದಕ್ಕೇ ಕೂತಿದ್ದೆ. ಸಂಗೀತ ವಿಭಾಗ ಅಂತ ಬಂತು, ಅಷ್ಟರಲ್ಲಿ ಲೈಟ್ ಹಾಕಿ ಪರದೆ ಆಫ್ ಮಾಡಿದ್ರು. ಕಸ ಗುಡಿಸುವ ಹುಡುಗ ಒಳಗೆ ಬಂದ, ಅವನದ್ದೇನು ತಪ್ಪು, ಮುಂದಿನ ಶೋಗೆ ಟೈಮ್ ಆಗಿತ್ತು. ಮನೆಗೆ ಬಂದು ಓಟಿಟಿಯಲ್ಲಿ ಹಾಕಿದ್ರೆ ಅಲ್ಲಿ ಇನ್ನೂ ಕಷ್ಟ, ಹೆಸರು ಬರುವ ಹೊತ್ತಿಗೆ ಪರದೆ ಒಂದು ಮೂಲೆಗೆ ಸಣ್ಣದಾಗಿ ಹೋಗಿ ‘ಮುಂದೆ ಇದನ್ನು ನೋಡಿ’ ಅಂತ ಬೇರೆ ಸಿನಿಮಾ ತೋರಿಸ್ತದೆ. ಆಟದಲ್ಲಿ ಹಾಗಲ್ಲ, ಮದ್ದಳೆಗೆ ಯಾರು ಚೆಂಡೆಗೆ ಯಾರು ಅಂತ ಕರಪತ್ರದಲ್ಲೇ ಹಾಕ್ತಾರೆ, ಜನ ಆ ಹೆಸರು ನೋಡಿಯೇ ಆಟಕ್ಕೆ ಬರ್ತಾರೆ. ನನ್ನ ಅಪ್ಪನ ಹೆಸರು ಇದ್ದ ಅಂಥ ಒಂದು ಕರಪತ್ರ, ಹಳದಿ ಕಾಗದದ್ದು, ನಾನು ಇನ್ನೂ ಕಪಾಟಿನಲ್ಲಿ ಇಟ್ಟಿದ್ದೇನೆ.

ಹಾಗಾಗಿ ಸಂಪಾದಕರೇ, ನನ್ನ ಬೇಡಿಕೆ ದೊಡ್ಡದೇನಲ್ಲ. ನಿಮ್ಮ ವಿಮರ್ಶಕರು ಪ್ರೇಮಕಥೆ ನೋಡುವಾಗ ಒಂದೇ ಒಂದು ಸೀನಲ್ಲಿ ಕಿವಿ ಕೊಟ್ಟು ಕೇಳಿ, ಯಾವ ವಾದ್ಯ ಬಂತು, ಎಲ್ಲಿ ಬಂತು, ಎಲ್ಲಿ ಸುಮ್ಮನಾಯ್ತು ಅಂತ ಮೂರು ಸಾಲು ಬರೀಲಿ, ಚೆನ್ನಾಗಿಲ್ಲದಿದ್ರೆ ಚೆನ್ನಾಗಿಲ್ಲ ಅಂತಲೇ ಬರೀಲಿ. ಮತ್ತೆ ಪಿಟೀಲು, ಕೊಳಲು, ಚೆಲ್ಲೋ ನುಡಿಸಿದವರ ಹೆಸರು ಸಿಕ್ಕಿದ್ರೆ ತಾರಾಗಣದ ಕೆಳಗೆ ಸಣ್ಣ ಅಕ್ಷರದಲ್ಲಾದ್ರೂ ಹಾಕಿ. ಬಂಟ್ವಾಳ ತಾಲೂಕಿನ ಮಂಚಿಯ ಬಿ.ವಿ. ಕಾರಂತರು ‘ಋಷ್ಯಶೃಂಗ’ಕ್ಕೆ, ‘ಘಟಶ್ರಾದ್ಧ’ಕ್ಕೆ ಅಂತ ಎರಡು ಸಲ ಸಿನಿಮಾ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ತಂದವರು, ಅಂಥ ಜಿಲ್ಲೆಯಲ್ಲಿ ಓದುವ ಪತ್ರಿಕೆ ನಿಮ್ಮದು, ಇದನ್ನ ಮೊದಲು ಶುರು ಮಾಡುದು ನೀವೇ ಆಗ್ಲಿ ಅಂತ ಆಸೆ. ಜಾಗ ಇಲ್ಲ ಅಂದ್ರೆ ಫೈಟಿನ ನಾಲ್ಕು ಸಾಲಲ್ಲಿ ಎರಡು ತೆಗೀರಿ, ಯಾರೂ ಬೇಜಾರು ಮಾಡ್ಲಿಕ್ಕಿಲ್ಲ.

ಬಿಜೈಯ ಆ ಹುಡುಗಿಗೂ ಈ ಕಾಗದ ಓದಿ ಹೇಳಿದೆ. ‘ಮ್ಯೂಟ್ ವಿಷಯ ಸರಿ ಬರೆದಿದ್ದೀರಿ ಆಂಟಿ’ ಅಂದಳು. ಬರುವ ಶನಿವಾರದ ಪುಟ ನಾನು ಅವಳಿಗೂ ತೋರಿಸ್ತೇನೆ.

ಇಂತಿ,
ನಿಮ್ಮ ಓದುಗಳು,
ಕಟಪಾಡಿ, ಉಡುಪಿ ಜಿಲ್ಲೆ